ಮುಚ್ಚಿದ ತೂಬು: ಮಂಡಿನೋವಿನ ಪೊಟ್ಟಣವೂ ಒಳಗಿನ ಹಾರ್ಮೋನಿನ ಲೆಕ್ಕವೂ

ನನ್ನ ಸೋದರತ್ತೆ ಎರಡು ವರ್ಷ ಏನನ್ನು ನುಂಗುತ್ತಿದ್ದರು ಎಂಬುದು ಅವರಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ. ಮದ್ದೂರಿನ ಆಚೆ, ವಿಶ್ವೇಶ್ವರಯ್ಯ ನಾಲೆಯ ಕೊನೆಭಾಗದ ಊರು ಅವರದು. ನಾಟಿ, ಕಳೆ, ಕಬ್ಬಿನ ರವದಿ ಎಂದು ಮೂವತ್ತು ವರ್ಷ ಬಗ್ಗಿ ದುಡಿದ ಮೈ. ಐವತ್ತು ದಾಟುವ ಹೊತ್ತಿಗೆ ಎರಡೂ ಮಂಡಿಗಳು ಹಿಡಿದುಕೊಂಡವು. ಪಕ್ಕದ ಊರಿನಲ್ಲಿ ಒಬ್ಬರು ಕೀಲುನೋವಿಗೆ ಪುಡಿ ಕೊಡುತ್ತಾರೆ ಎಂದು ಯಾರೋ ಹೇಳಿದರು. ಹಳೆಯ ಪತ್ರಿಕೆಯ ಚೂರಿನಲ್ಲಿ ಕಟ್ಟಿದ ಪೊಟ್ಟಣಗಳು, ಜೊತೆಗೆ ಹಾಳೆಯಿಂದ ಬಿಡಿಸಿಟ್ಟ ಪುಟ್ಟ ಬಿಳಿ ಮಾತ್ರೆಗಳು. ಮೂರನೆಯ ದಿನಕ್ಕೇ ಅತ್ತೆ ಕುಕ್ಕರುಗಾಲಿನಲ್ಲಿ ಕುಳಿತು ಪಾತ್ರೆ ತೊಳೆದರು. ಅವರ ಕೈಗುಣ ಅಂಥದ್ದು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು.

ವರ್ಷ ಕಳೆಯುವಷ್ಟರಲ್ಲಿ ಅವರ ಮುಖ ದುಂಡಗಾಯಿತು. ಮದುವೆಮನೆಯಲ್ಲಿ ಸಿಕ್ಕ ನೆಂಟರು ಮೈ ತುಂಬಿಕೊಂಡಿದೆ, ಕಳೆ ಬಂದಿದೆ ಎಂದು ಹೊಗಳಿದರು. ತೋಳು, ತೊಡೆಗಳು ಸಣ್ಣಗಾಗುತ್ತಿದ್ದುದನ್ನು ಯಾರೂ ಗಮನಿಸಲಿಲ್ಲ. ಬಳೆ ತಾಗಿದರೂ ಚರ್ಮ ನೀಲಿಗಟ್ಟುತ್ತಿದ್ದುದನ್ನು ವಯಸ್ಸಿನ ಲೆಕ್ಕಕ್ಕೆ ಬರೆದುಕೊಂಡೆವು. ಆಮೇಲೊಂದು ದಿನ ಪೊಟ್ಟಣ ಕೊಡುವವರು ಊರು ಬಿಟ್ಟರು. ಹತ್ತು ದಿನಗಳಲ್ಲಿ ಅತ್ತೆ ಹಾಸಿಗೆ ಹಿಡಿದರು. ವಿಪರೀತ ಸುಸ್ತು, ಅನ್ನ ಸೇರದು, ತಿಂದದ್ದು ಉಳಿಯದು. ಒಂದು ರಾತ್ರಿ ಜ್ವರ ಬಂತು. ಬಚ್ಚಲಿಗೆಂದು ಎದ್ದವರು ಬಾಗಿಲಲ್ಲೇ ಕುಸಿದರು. ಮಂಡ್ಯದ ಆಸ್ಪತ್ರೆಯೊಂದರ ತುರ್ತು ಘಟಕಕ್ಕೆ ಒಯ್ದಾಗ ರಕ್ತದೊತ್ತಡ ಅಳತೆಗೇ ಸಿಗುತ್ತಿರಲಿಲ್ಲ. ಅಲ್ಲಿದ್ದ ಯುವ ವೈದ್ಯೆ ಆ ದುಂಡು ಮುಖವನ್ನು ಒಂದು ಗಳಿಗೆ ನೋಡಿ ನಮ್ಮ ಕಡೆ ತಿರುಗಿದರು: "ಮಂಡಿನೋವಿಗೆ ಏನಾದರೂ ತೆಗೆದುಕೊಳ್ಳುತ್ತಿದ್ದರೇ?" ಆ ಪ್ರಶ್ನೆಯಿಂದ ನನ್ನ ಅತ್ತೆ ಬದುಕಿದರು.

ಪೊಟ್ಟಣದಲ್ಲಿದ್ದದ್ದು ಸ್ಟೀರಾಯ್ಡ್, ಅಂದರೆ ನಮ್ಮ ದೇಹವೇ ದಿನವೂ ತಯಾರಿಸುವ ಒಂದು ಹಾರ್ಮೋನಿನ ನಕಲು. ವಿಷವನ್ನು ನುಂಗಿದ್ದರೆ ನುಂಗಿದಾಗ ಅಪಾಯ, ನಿಲ್ಲಿಸಿದಾಗ ನಿರಾಳ. ಇಲ್ಲಿ ನಿಲ್ಲಿಸಿದಾಗಲೇ ಪ್ರಾಣಕ್ಕೆ ಬಂತು. ಇದು ಏಕೆ ಹೀಗೆ ಎಂಬುದು ತಿಳಿಯಬೇಕಾದರೆ ನಮ್ಮೊಳಗಿನ ನಿರ್ನಾಳ ಗ್ರಂಥಿಗಳು ಯಾವ ಲೆಕ್ಕದ ಮೇಲೆ ಕೆಲಸ ಮಾಡುತ್ತವೆ ಎಂಬುದು ತಿಳಿಯಬೇಕು.

ಮಂಡ್ಯದವರಿಗೆ ಆ ಲೆಕ್ಕ ಹೊಸದಲ್ಲ. ಮಳೆಗಾಲದಲ್ಲಿ ಬೆಳಗ್ಗೆ ಪತ್ರಿಕೆ ಬಿಡಿಸಿದರೆ ನಮ್ಮ ಕಣ್ಣು ಮೊದಲು ಹುಡುಕುವುದು ಕನ್ನಂಬಾಡಿಯ ಅಂಕಿಗಳನ್ನು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. ಮಟ್ಟವನ್ನು ನೋಡಿಯೇ ಗೇಟು ತೆರೆಯಬೇಕೋ ಮುಚ್ಚಬೇಕೋ ಎಂಬ ತೀರ್ಮಾನ. ವಿಶ್ವೇಶ್ವರಯ್ಯನವರು ಕನ್ನಂಬಾಡಿಗೂ ಮೊದಲು, 1903ರಲ್ಲಿ, ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ತಾವೇ ರೂಪಿಸಿದ ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಿದ್ದರು. ನೀರು ಗೊತ್ತಾದ ಮಟ್ಟ ಮೀರಿದರೆ ಅವು ತಾವಾಗಿ ತೆರೆದುಕೊಳ್ಳುತ್ತವೆ, ಇಳಿದರೆ ತಾವಾಗಿ ಮುಚ್ಚಿಕೊಳ್ಳುತ್ತವೆ. ಯಾರೂ ನಿಂತು ಕಾಯಬೇಕಾಗಿಲ್ಲ, ನೀರಿನ ಮಟ್ಟವೇ ಅಪ್ಪಣೆ. ನಮ್ಮ ಗ್ರಂಥಿಗಳಿಗೂ ಹಾಗೆಯೇ, ರಕ್ತದಲ್ಲಿರುವ ಮಟ್ಟವೇ ಅಪ್ಪಣೆ.

ಹಾರ್ಮೋನ್ ಎಂಬ ಹೆಸರು ಹುಟ್ಟಿ ಇನ್ನೂ ಸವಾನೂರು ವರ್ಷವೂ ಆಗಿಲ್ಲ. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಇಬ್ಬರು ಸಣ್ಣ ಕರುಳಿನ ಒಳಪೊರೆಯಿಂದ ಒಂದು ರಸ ರಕ್ತಕ್ಕೆ ಇಳಿಯುವುದನ್ನು ಕಂಡರು. ನರಗಳ ಸಂಪರ್ಕವನ್ನು ಕಡಿದು ಹಾಕಿದರೂ ಆ ರಸ ದೂರದ ಮೇದೋಜೀರಕ ಗ್ರಂಥಿಯನ್ನು ಕೆಲಸಕ್ಕೆ ಎಬ್ಬಿಸುತ್ತಿತ್ತು. ಮೂರು ವರ್ಷಗಳ ನಂತರ, 1905ರಲ್ಲಿ, ಸ್ಟಾರ್ಲಿಂಗ್ ಇಂಥ ರಸಗಳಿಗೆ ಹಾರ್ಮೋನ್ ಎಂದು ಕರೆದರು. ಪ್ರಚೋದಿಸು ಎಂಬ ಅರ್ಥದ ಗ್ರೀಕ್ ಪದ ಅದರ ಮೂಲ. ನಿರ್ನಾಳ ಎಂಬ ನಮ್ಮ ಪಠ್ಯಪುಸ್ತಕದ ಪದ ನನಗೆ ಇನ್ನೂ ಹೆಚ್ಚು ಇಷ್ಟ. ಲಾಲಾರಸಕ್ಕೆ ಬಾಯಿಗೆ ಬರಲು ನಾಳವಿದೆ, ಬೆವರಿಗೆ ಚರ್ಮಕ್ಕೆ ಬರಲು ನಾಳವಿದೆ. ಈ ಗ್ರಂಥಿಗಳಿಗೆ ಸ್ವಂತದ ಕಾಲುವೆಯೇ ಇಲ್ಲ. ಇರುವುದು ಎಲ್ಲರ ಗದ್ದೆಯ ಪಕ್ಕದಲ್ಲೂ ಹರಿಯುವ ಒಂದೇ ನಾಲೆ, ಅದು ರಕ್ತ. ಹಾರ್ಮೋನನ್ನು ಅದರೊಳಕ್ಕೆ ಬಿಟ್ಟುಬಿಡುತ್ತವೆ. ಹರಿಯುವ ನೀರು ಎಲ್ಲ ಗದ್ದೆಗಳನ್ನೂ ದಾಟಿ ಹೋಗುತ್ತದೆ, ಆದರೆ ಮಡೆ ಬಿಚ್ಚಿದ ಗದ್ದೆಗೆ ಮಾತ್ರ ಇಳಿಯುತ್ತದೆ. ಜೀವಕೋಶದಲ್ಲಿರುವ ಗ್ರಾಹಕ ಎಂಬ ಪ್ರೋಟೀನು ಆ ಮಡೆ. ಅದು ಇಲ್ಲದ ಕೋಶಕ್ಕೆ ಹಾರ್ಮೋನ್ ಬಂದದ್ದೂ ತಿಳಿಯದು, ಹೋದದ್ದೂ ತಿಳಿಯದು.

ಈಗ ಅತ್ತೆಯ ಹಾರ್ಮೋನಿಗೆ ಬರೋಣ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯ ಹಾಗೆ ಕುಳಿತ ಎರಡು ಅಡ್ರಿನಲ್ ಗ್ರಂಥಿಗಳಿವೆ. ಒಂದೊಂದರ ತೂಕ ನಾಲ್ಕೈದು ಗ್ರಾಂ. ಅವುಗಳ ಹೊರಪದರ ಕಾರ್ಟಿಸೋಲ್ ತಯಾರಿಸುತ್ತದೆ. ಪತ್ರಿಕೆಗಳಲ್ಲಿ ಕಾರ್ಟಿಸೋಲಿಗೆ ಒತ್ತಡದ ಹಾರ್ಮೋನ್ ಎಂಬ ಹೆಸರು ಅಂಟಿಬಿಟ್ಟಿದೆ. ಅದು ಇಲ್ಲದಿದ್ದರೆ ನೆಮ್ಮದಿಯಾಗಿರಬಹುದೇನೋ ಎಂಬ ಭಾವನೆ ಬರುವಂತೆ ಬರೆಯುತ್ತಾರೆ. ಇದು ದೊಡ್ಡ ತಪ್ಪು. ಊಟವಿಲ್ಲದ ಹೊತ್ತಿನಲ್ಲಿ ಯಕೃತ್ತಿನಿಂದ ಸಕ್ಕರೆ ಹೊರಡಿಸುವುದು, ರಕ್ತನಾಳಗಳು ಬಿಗಿ ಕಳೆದುಕೊಳ್ಳದಂತೆ ನೋಡಿಕೊಳ್ಳುವುದು, ಸೋಂಕಿನ ವಿರುದ್ಧ ಎದ್ದ ಉರಿಯೂತ ಮಿತಿ ಮೀರದಂತೆ ತಡೆಯುವುದು ಇದರ ಕೆಲಸ. ಕಾರ್ಟಿಸೋಲ್ ಪೂರ್ತಿ ಇಲ್ಲದ ಮನುಷ್ಯ ಒಂದು ಸಾಧಾರಣ ವಾಂತಿಭೇದಿಯಲ್ಲೂ ಸಾಯಬಹುದು. 1855ರಲ್ಲೇ ಥಾಮಸ್ ಅಡಿಸನ್ ಎಂಬ ಇಂಗ್ಲಿಷ್ ವೈದ್ಯರು ಈ ಗ್ರಂಥಿ ಹಾಳಾದವರು ಸೊರಗಿ ಸೊರಗಿ ಸಾಯುವುದನ್ನು ದಾಖಲಿಸಿದ್ದರು.

ಅಡ್ರಿನಲ್ ತನ್ನಷ್ಟಕ್ಕೆ ಕಾರ್ಟಿಸೋಲ್ ಬಿಡುವುದಿಲ್ಲ. ಮಿದುಳಿನ ತಳದಲ್ಲಿ ಹೈಪೋಥಲಾಮಸ್ ಇದೆ. ಅದರ ಕೆಳಗೆ ಬಟಾಣಿ ಕಾಳಿನಷ್ಟು ದೊಡ್ಡದಾದ, ಸುಮಾರು ಅರ್ಧ ಗ್ರಾಂ ತೂಗುವ ಪಿಟ್ಯುಟರಿ ತೂಗಿಕೊಂಡಿದೆ. ಹೈಪೋಥಲಾಮಸ್ ಪಿಟ್ಯುಟರಿಗೆ ಹೇಳುತ್ತದೆ, ಪಿಟ್ಯುಟರಿ ಎ.ಸಿ.ಟಿ.ಎಚ್. ಎಂಬ ಹಾರ್ಮೋನಿನ ಮೂಲಕ ಅಡ್ರಿನಲ್‌ಗೆ ಹೇಳುತ್ತದೆ, ಅಡ್ರಿನಲ್ ಕಾರ್ಟಿಸೋಲ್ ಬಿಡುತ್ತದೆ. ಕಾರ್ಟಿಸೋಲ್ ರಕ್ತದಲ್ಲಿ ಏರಿದ್ದನ್ನು ಮೇಲಿನ ಇಬ್ಬರೂ ಗಮನಿಸಿ ಮಾತು ನಿಲ್ಲಿಸುತ್ತಾರೆ. ಇಳಿದರೆ ಮತ್ತೆ ಶುರು. ಇದಕ್ಕೆ ದಿನದ ಲಯವೂ ಇದೆ. ನಡುರಾತ್ರಿಯ ಹೊತ್ತಿಗೆ ಕಾರ್ಟಿಸೋಲ್ ತಳಮಟ್ಟದಲ್ಲಿರುತ್ತದೆ, ಕೋಳಿ ಕೂಗುವ ಹೊತ್ತಿಗೆ ಏರತೊಡಗುತ್ತದೆ, ಬೆಳಗ್ಗೆ ಆರರಿಂದ ಎಂಟರ ನಡುವೆ ತುಂಬಿ ನಿಲ್ಲುತ್ತದೆ. ನಾವು ಹಾಸಿಗೆ ಬಿಟ್ಟೇಳುವ ಮೊದಲೇ ದೇಹ ಆ ದಿನದ ದುಡಿಮೆಗೆ ನೀರು ಬಿಟ್ಟಿರುತ್ತದೆ.

ಪೊಟ್ಟಣ ಕೈಹಾಕಿದ್ದು ಈ ಲೆಕ್ಕಕ್ಕೆ. ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಎಂಬ ಔಷಧಗಳೆಲ್ಲ ಕಾರ್ಟಿಸೋಲಿನ ಗ್ರಾಹಕಕ್ಕೇ ಹೋಗಿ ಕೂರುತ್ತವೆ, ಅದೂ ಹಲವು ಪಟ್ಟು ಗಟ್ಟಿಯಾಗಿ. ಮುಕ್ಕಾಲು ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅಥವಾ 5 ಮಿಲಿಗ್ರಾಂ ಪ್ರೆಡ್ನಿಸೊಲೋನ್, ಮಾತ್ರೆಯ ರೂಪದ ಕಾರ್ಟಿಸೋಲ್ 20 ಮಿಲಿಗ್ರಾಂಗೆ ಸಮ. ಅಡ್ರಿನಲ್ ಪೂರ್ತಿ ಸತ್ತವರಿಗೆ ಇಡೀ ದಿನಕ್ಕೆ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ. ಹಾಗಿದ್ದ ಮೇಲೆ ಸಾಸಿವೆಗಿಂತ ತುಸು ದೊಡ್ಡದಾದ ಆ ಬಿಳಿ ಮಾತ್ರೆಯನ್ನು ಒಂದಕ್ಕೆ ಎರಡರಂತೆ ದಿನವೂ ನುಂಗಿದರೆ ಏನಾದೀತು? ಮೇಲಿರುವ ಹೈಪೋಥಲಾಮಸ್, ಪಿಟ್ಯುಟರಿಗಳಿಗೆ ನಾಲೆ ತುಂಬಿ ಹರಿಯುತ್ತಿರುವಂತೆ ಕಾಣುತ್ತದೆ. ಅದು ಒಳಗಿನ ನೀರೋ ಹೊರಗಿಂದ ಸುರಿದ ನೀರೋ ಎಂದು ಅವು ಕೇಳುವುದಿಲ್ಲ. ತೂಬು ಮುಚ್ಚುತ್ತವೆ. ಎ.ಸಿ.ಟಿ.ಎಚ್. ಬಾರದ ಅಡ್ರಿನಲ್ ವಾರಗಳು ಕಳೆದಂತೆ ಸೊರಗುತ್ತದೆ. ಮೂರು ನಾಲ್ಕು ವಾರ ದಾಟಿ ಸ್ಟೀರಾಯ್ಡ್ ಸೇವಿಸಿದ ಯಾರಿಗಾದರೂ ಹೀಗಾಗಿರಬಹುದು ಎಂದೇ ವೈದ್ಯರು ಎಣಿಸುತ್ತಾರೆ. ಅತ್ತೆಯದು ಎರಡು ವರ್ಷ.

ಆಮೇಲೆ ಪೊಟ್ಟಣ ನಿಂತಿತು. ಹೊರಗಿನ ನೀರು ಬತ್ತಿತು, ಒಳಗಿನ ತೂಬಿಗೆ ತುಕ್ಕು ಹಿಡಿದಿತ್ತು. ಆರೋಗ್ಯವಂತರ ದೇಹ ಜ್ವರ ಬಂದಾಗ ಕಾರ್ಟಿಸೋಲನ್ನು ಹಲವು ಪಟ್ಟು ಏರಿಸಿ ರಕ್ತದೊತ್ತಡವನ್ನು ಹಿಡಿದು ನಿಲ್ಲಿಸುತ್ತದೆ. ಅತ್ತೆಯ ದೇಹಕ್ಕೆ ಏರಿಸಲು ಏನೂ ಇರಲಿಲ್ಲ. ಆ ರಾತ್ರಿ ವೈದ್ಯೆ ಮಾಡಿದ್ದು ಬಹಳ ಸರಳ: ರಕ್ತನಾಳಕ್ಕೆ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್, ಅಂದರೆ ಔಷಧದ ರೂಪದ ಕಾರ್ಟಿಸೋಲ್, ಜೊತೆಗೆ ಸಲೈನ್. ಒಂದೆರಡು ಗಂಟೆಗಳಲ್ಲಿ ಅತ್ತೆ ಕಣ್ಣು ಬಿಟ್ಟು ಮಗನ ಹೆಸರು ಹೇಳಿದರು. ಕಾರಣ ಹೊಳೆಯದೆ ಹೋಗಿದ್ದರೆ ಸೋಂಕಿನಿಂದಲೋ ಹೃದಯಾಘಾತದಿಂದಲೋ ತೀರಿಕೊಂಡರು ಎಂದು ನಾವು ನಂಬಿ ಮಣ್ಣು ಮಾಡಿ ಬರುತ್ತಿದ್ದೆವು. ಹೀಗೆ ಬೇರೆ ಹೆಸರಿನಲ್ಲಿ ಹೋದವರು ನಮ್ಮ ಊರುಗಳಲ್ಲಿ ಎಷ್ಟು ಮಂದಿಯೋ ಎಂಬ ಯೋಚನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಸ್ಟೀರಾಯ್ಡ್ ಎಂದರೆ ಬೆಚ್ಚಿಬೀಳಬೇಕೆಂದು ನಾನು ಹೇಳುತ್ತಿಲ್ಲ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಅವರ ತಂಡ ಸಂಧಿವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಮಹಿಳೆಗೆ ಇದನ್ನು ಮೊದಲು ಕೊಟ್ಟಾಗ, ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. 1950ರಲ್ಲಿ ನೊಬೆಲ್ ಬಹುಮಾನವೂ ಬಂತು. ಬಹುಮಾನದ ಹಿಂದೆಯೇ ದುಂಡು ಮುಖಗಳು, ಮುರಿದ ಮೂಳೆಗಳೂ ಬಂದವು. ಅಂದಿನಿಂದ ವೈದ್ಯಶಾಸ್ತ್ರ ಕಲಿತದ್ದು ಯಾರಿಗೆ, ಎಷ್ಟು, ಎಷ್ಟು ದಿನ ಎಂಬ ಎಚ್ಚರವನ್ನು. ಕೋವಿಡ್ ಕಾಲದಲ್ಲಿ ಅದೇ ಡೆಕ್ಸಾಮೆಥಾಸೋನ್ ವೆಂಟಿಲೇಟರಿನಲ್ಲಿದ್ದ ರೋಗಿಗಳ ಸಾವನ್ನು ಮೂರನೆಯ ಒಂದರಷ್ಟು ಇಳಿಸಿತು ಎಂದು 2020ರಲ್ಲಿ ಬ್ರಿಟನ್ನಿನ ದೊಡ್ಡ ಪ್ರಯೋಗವೊಂದು ತೋರಿಸಿತು. ಮರುವರ್ಷ ನಮ್ಮಲ್ಲಿ ಆಮ್ಲಜನಕದ ಕೊರತೆಯೇ ಇಲ್ಲದವರೂ ಮನೆಯಲ್ಲಿ ಕುಳಿತು ಅದನ್ನು ನುಂಗಿದರು. ಸಕ್ಕರೆ ಏರಿದ ದೇಹಗಳಲ್ಲಿ ಕಪ್ಪು ಶಿಲೀಂಧ್ರ ಬೇರು ಬಿಟ್ಟಿತು. ಆಸ್ತಮಾಕ್ಕೆ, ಲೂಪಸ್‌ಗೆ, ಸಂಧಿವಾತಕ್ಕೆ ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡನ್ನು ಈ ಲೇಖನ ಓದಿ ಯಾರೂ ಬಿಡಬಾರದು. ಹಾಗೆ ದಿಢೀರನೆ ಬಿಡುವುದರಿಂದಲೇ ಅತ್ತೆ ಕುಸಿದದ್ದು.

ಸಕ್ಕರೆಯ ಮಾತು ಬಂದದ್ದರಿಂದ ಒಂದು ವಿಷಯವನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ಅದರ ಒಂದು ತುದಿ ಮೈಸೂರಿನಲ್ಲಿದೆ. ಕಾರ್ಟಿಸೋಲ್ ಮತ್ತು ಇನ್ಸುಲಿನ್ ಹಗ್ಗಜಗ್ಗಾಟದ ಎರಡು ಬದಿಗಳಿದ್ದಂತೆ. ಇನ್ಸುಲಿನ್ ಸಕ್ಕರೆಯನ್ನು ಕೋಶಗಳೊಳಕ್ಕೆ ಸೇರಿಸುತ್ತದೆ, ಕಾರ್ಟಿಸೋಲ್ ರಕ್ತಕ್ಕೆ ಎಳೆಯುತ್ತದೆ. ಹೊರಗಿನಿಂದ ಸ್ಟೀರಾಯ್ಡ್ ಬಂದಾಗ ಇನ್ಸುಲಿನ್ ಸೋಲತೊಡಗುತ್ತದೆ. 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐ.ಸಿ.ಎಂ.ಆರ್.) ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ನಾವು ಇಷ್ಟು ಸುಲಭವಾಗಿ ಏಕೆ ಜಾರುತ್ತೇವೆ ಎಂಬುದಕ್ಕೆ ಉತ್ತರದ ಒಂದು ಭಾಗ ಸಿಕ್ಕಿದ್ದು ಮೈಸೂರಿಗರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯ ಹಳೆಯ ಕಡತಗಳಲ್ಲಿ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. ದಶಕಗಳ ನಂತರ ಸಂಶೋಧಕರು ಆ ಕೂಸುಗಳನ್ನು ನಡುವಯಸ್ಸಿನ ಮೈಸೂರಿಗರಾಗಿ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. ಮಧುಮೇಹದ ನಂಟು ಇನ್ನೊಂದು ಬಗೆಯದು: ಗಿಡ್ಡಗೆ ಗುಂಡಗೆ ಹುಟ್ಟಿದವರಲ್ಲಿ, ದಪ್ಪ ತಾಯಂದಿರ ಮಕ್ಕಳಲ್ಲಿ ಅದು ಹೆಚ್ಚು. ಅದೇ ಆಸ್ಪತ್ರೆಯಲ್ಲಿ 1997ರ ಸುಮಾರಿಗೆ ಆರಂಭವಾದ ಇನ್ನೊಂದು ಅಧ್ಯಯನ, ಬಸಿರಿನಲ್ಲಿ ಮಧುಮೇಹವಿದ್ದ ತಾಯಂದಿರ ಮಕ್ಕಳಲ್ಲಿ ಶಾಲೆಯ ವಯಸ್ಸಿಗೇ ಕೊಬ್ಬು ಮತ್ತು ಇನ್ಸುಲಿನ್ ಪ್ರತಿರೋಧ ಹೆಚ್ಚಿರುವುದನ್ನು ತೋರಿಸಿತು. ಇನ್ಸುಲಿನ್ನಿನ ಗದ್ದೆಗೆ ಮಡೆ ಎಷ್ಟು ಅಗಲ ಎಂಬುದು ತಾಯಿಯ ಹೊಟ್ಟೆಯಲ್ಲೇ ಒಂದಷ್ಟು ಗೊತ್ತಾಗಿರುತ್ತದೆ. ಅಂಥ ದೇಹದ ಮೇಲೆ ಲೆಕ್ಕವಿಲ್ಲದ ಸ್ಟೀರಾಯ್ಡ್ ಬಿದ್ದರೆ ಮಧುಮೇಹ ಕಾಣಿಸಿಕೊಳ್ಳಲು ಬಹಳ ದಿನ ಬೇಕಾಗಿಲ್ಲ. ಬೆಳಗ್ಗೆ ನುಂಗಿದ ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನ, ಸಂಜೆಯ ಹೊತ್ತಿಗೆ. ಖಾಲಿ ಹೊಟ್ಟೆಯ ಪರೀಕ್ಷೆ ಮಾತ್ರ ಮಾಡಿಸಿದರೆ ಅದು ಕಣ್ತಪ್ಪಿ ಹೋಗಬಹುದು. ಅತ್ತೆಗೆ ಹಾಗೆಯೇ ಆಗಿತ್ತು.

ನನ್ನನ್ನು ಕಾಡುವ ಇನ್ನೊಂದು ಸಂಗತಿ ಇದೆ. ಅದೇ ಅತ್ತೆ, ಅದೇ ಮನೆಯಲ್ಲಿ, ಸೊಸೆಗೆ ವೈದ್ಯರು ಬರೆದುಕೊಟ್ಟ ಥೈರಾಯ್ಡ್ ಮಾತ್ರೆಯನ್ನು ಬೇಡವೆಂದಿದ್ದರು. "ಒಂದು ಸಲ ಶುರು ಮಾಡಿದರೆ ಬಿಡುವಂತಿಲ್ಲ, ಅಭ್ಯಾಸವಾಗಿಬಿಡುತ್ತದೆ" ಎಂಬುದು ಅವರ ಭಯ. ಈ ಮಾತನ್ನು ಮೈಸೂರಿನ ಓದಿದ ಮನೆಗಳಲ್ಲೂ ಕೇಳಿದ್ದೇನೆ. ಹೆಸರಿಲ್ಲದ ಪೊಟ್ಟಣದ ಮೇಲೆ ನಂಬಿಕೆ, ಹೆಸರೂ ಅಳತೆಯೂ ಇರುವ ಮಾತ್ರೆಯ ಮೇಲೆ ಅನುಮಾನ.

ಥೈರಾಯ್ಡ್ ಕತ್ತಿನಲ್ಲಿ ಚಿಟ್ಟೆಯಂತೆ ಕುಳಿತ ಗ್ರಂಥಿ, ಎಲ್ಲರಿಗೂ ಇರುವಂಥದ್ದು. "ನನಗೆ ಥೈರಾಯ್ಡ್ ಇದೆ" ಎನ್ನುವವರ ಅರ್ಥ ಸಾಮಾನ್ಯವಾಗಿ ಅದು ಸಾಲುತ್ತಿಲ್ಲ ಎಂದು. ಇಲ್ಲೂ ಲೆಕ್ಕ ಅದೇ. ಆ ಗ್ರಂಥಿ ತಯಾರಿಸುವ ಥೈರಾಕ್ಸಿನ್ ಎಂಬ ಹಾರ್ಮೋನ್ ಕಡಿಮೆಯಾದರೆ ಪಿಟ್ಯುಟರಿ ಟಿ.ಎಸ್.ಎಚ್. ಎಂಬ ಹಾರ್ಮೋನನ್ನು ಹೆಚ್ಚಿಸಿ ಥೈರಾಯ್ಡನ್ನು ಎಬ್ಬಿಸಲು ನೋಡುತ್ತದೆ. ವರದಿಯಲ್ಲಿ ಟಿ.ಎಸ್.ಎಚ್. 12 ಎಂದು ಬಂದರೆ ಥೈರಾಯ್ಡ್ ಜಾಸ್ತಿಯಾಗಿದೆ ಎಂದು ಗಾಬರಿಯಾಗುತ್ತಾರೆ. ಅದು ನೀರಿನ ಮಟ್ಟವಲ್ಲ, ನೀರು ಬಿಡಿ ಎಂದು ಕೊನೆಭಾಗದ ರೈತರು ಕೂಗುವ ಕೂಗು. ಕೂಗು ಜೋರಾಗಿದೆ ಎಂದರೆ ನಾಲೆ ಒಣಗಿದೆ ಎಂದರ್ಥ. ಥೈರಾಕ್ಸಿನ್ ಮಾತ್ರೆ ಒಣಗಿದ ಆ ನಾಲೆಗೆ ಬೇಕಾದಷ್ಟೇ ನೀರನ್ನು ತುಂಬುತ್ತದೆ. ಬಿಟ್ಟರೆ ಹಳೆಯ ಕೊರತೆ ಮರಳುತ್ತದೆ, ಅದು ಚಟವಲ್ಲ. ಗ್ರಂಥಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗ ಅಪರಿಚಿತ ಪೊಟ್ಟಣ ಮಾಡುವುದು ಇದರ ತದ್ವಿರುದ್ಧದ ಕೆಲಸ, ಹರಿಯುತ್ತಿದ್ದುದನ್ನು ನಿಲ್ಲಿಸುವುದು. ಹೊರಗಿನಿಂದ ಹಾರ್ಮೋನ್ ತೆಗೆದುಕೊಳ್ಳಬೇಕಾಗಿ ಬಂದ ಯಾರೇ ಆಗಲಿ ಕೇಳಬೇಕಾದ ಪ್ರಶ್ನೆ ಇದು: ಒಳಗಿನದು ಬತ್ತಿದೆಯೇ, ಇಲ್ಲವೇ?

ಥೈರಾಕ್ಸಿನ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬೆಳಗ್ಗೆ ಎದ್ದೊಡನೆ ಫಿಲ್ಟರ್ ಕಾಫಿಯ ಜೊತೆಗೇ ಅದನ್ನು ನುಂಗುವ ಅಭ್ಯಾಸ ನಮ್ಮಲ್ಲಿ ಬಹಳ. ಕಾಫಿ ಅದನ್ನು ಕರುಳು ಹೀರದಂತೆ ತಡೆಯುತ್ತದೆ. ಬರೀ ನೀರಿನಲ್ಲಿ ನುಂಗಿ, ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಒಂದು ಗಂಟೆ ಬಿಟ್ಟು ಕಾಫಿ ಕುಡಿಯಿರಿ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರವಿರಲಿ. ರಕ್ತದಲ್ಲಿರುವ ಥೈರಾಕ್ಸಿನ್ ಅರ್ಧಕ್ಕೆ ಇಳಿಯಲು ಸುಮಾರು ಒಂದು ವಾರ ಬೇಕು. ಆದ್ದರಿಂದ ಅಳತೆ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾಯದೆ ಪರೀಕ್ಷಿಸಿದರೆ ಸರಿಯಾದ ಅಂಕಿ ಸಿಗುವುದಿಲ್ಲ.

ಪೊಟ್ಟಣದ ಕಡೆಗೆ ಹೋಗುವವರನ್ನು ತಿಳಿವಳಿಕೆ ಇಲ್ಲದವರು ಎಂದು ಬೈಯುವುದು ನನಗೆ ಸಾಧ್ಯವಿಲ್ಲ. ಮಂಡಿಯ ನೋವು ನಿಜ. ನಾಟಿಯ ದಿನಗಳಲ್ಲಿ ಒಂದು ದಿನ ತಪ್ಪಿದರೆ ಕೂಲಿ ಹೋಗುತ್ತದೆ. ಆಸ್ಪತ್ರೆಗೆ ಬಸ್ಸು, ಸರತಿ, ಎಕ್ಸ್‌ರೇ ಎಂದು ಇಡೀ ದಿನ ಕಳೆದ ಮೇಲೆ "ವಯಸ್ಸಾಯಿತಲ್ಲ, ಸವೆದಿದೆ" ಎಂಬ ಎರಡು ಮಾತು. ಪೊಟ್ಟಣ ಕೊಡುವವರು ಮಾತ್ರ ಕೂರಿಸಿ, ಮಂಡಿ ಮುಟ್ಟಿ ನೋಡಿ, ಮೂರನೆಯ ದಿನಕ್ಕೆ ನಡೆಸಿಬಿಡುತ್ತಾರೆ. ಸ್ಟೀರಾಯ್ಡ್ ನುಂಗಿದವರಿಗೆ ನೋವು ಇಳಿಯುತ್ತದೆ, ಹಸಿವು ಹೆಚ್ಚುತ್ತದೆ, ಮನಸ್ಸಿಗೂ ಉಲ್ಲಾಸ ಬರುತ್ತದೆ. ಕೈಗುಣ ಎಂದು ಜನ ಕೊಂಡಾಡುವುದು ಹೆಚ್ಚಿನ ಪಾಲು ಗ್ರಾಹಕಕ್ಕೆ ಕಚ್ಚಿಕೊಂಡ ಆ ಅಣುವಿನ ಗುಣ. ಸವೆದ ಮೃದ್ವಸ್ಥಿ ಮಾತ್ರ ಸವೆದ ಹಾಗೆಯೇ ಇರುತ್ತದೆ. ಅದರ ಜೊತೆಗೆ ಬೆನ್ನುಮೂಳೆಯೂ ಟೊಳ್ಳಾಗುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಅಡಗಿದ್ದ ಕ್ಷಯ ತಲೆ ಎತ್ತುತ್ತದೆ.

ಕಾನೂನಿನಲ್ಲಿ ಈ ಮಾತ್ರೆಗಳು ಶೆಡ್ಯೂಲ್ ಎಚ್ ಪಟ್ಟಿಯಲ್ಲಿವೆ, ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ನಕಲಿ ವೈದ್ಯರ ಅಂಗಡಿಗಳಿಗೆ ಆಗಾಗ ಬೀಗ ಬೀಳುತ್ತದೆ, ಸುದ್ದಿಯಾಗುತ್ತದೆ. ಬೀಗ ಬಿದ್ದ ಮರುದಿನದಿಂದ ಅಲ್ಲಿ ವರ್ಷಗಟ್ಟಲೆ ಪುಡಿ ತಿಂದವರ ಗತಿ ಏನು ಎಂದು ಕೇಳುವವರಿಲ್ಲ. ನನ್ನ ಮಟ್ಟಿಗೆ ಇದೇ ದೊಡ್ಡ ಲೋಪ. ಅಂಗಡಿ ಮುಚ್ಚಿಸಿದ ವಾರದಲ್ಲೇ ಆ ಊರುಗಳ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ, ಪೊಟ್ಟಣ ನುಂಗುತ್ತಿದ್ದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆತರಬೇಕು. ಅವರಲ್ಲಿ ಒಬ್ಬೊಬ್ಬರಿಗೂ ನಿಧಾನವಾಗಿ ಇಳಿಸುವ ಅಳತೆಯ ಸ್ಟೀರಾಯ್ಡ್ ಬೇಕಾಗಬಹುದು. ಮಾತ್ರೆಗೆ ಹೆಚ್ಚು ಖರ್ಚಿಲ್ಲ. ಬೇಕಾದದ್ದು ಹುಡುಕಿ ಹೋಗುವ ಮನಸ್ಸು.

ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಪುಡಿ ತೆಗೆದುಕೊಳ್ಳುತ್ತಿದ್ದರೆ, ಮುಖ ದುಂಡಗಾಗಿ ಕೈಕಾಲು ಸಣ್ಣಗಾಗಿದ್ದರೆ, ಈಗಲೇ ಎಸೆಯಿರಿ ಎಂದು ಹೇಳಬೇಡಿ. ಉಳಿದ ಪೊಟ್ಟಣವನ್ನು ಹಾಗೆಯೇ ಕೈಯಲ್ಲಿ ಹಿಡಿದು ವೈದ್ಯರ ಬಳಿಗೆ ಹೋಗಿ. ಎಷ್ಟು ತಿಂಗಳಿನಿಂದ ಎಂದು ಮುಚ್ಚುಮರೆ ಇಲ್ಲದೆ ಹೇಳಿ. ಆಗಲೇ ನಿಲ್ಲಿಸಿಬಿಟ್ಟಿದ್ದು, ವಾಂತಿ, ತಲೆಸುತ್ತು, ಎದ್ದು ನಿಂತರೆ ಕಣ್ಣು ಕತ್ತಲೆ ಇದ್ದರೆ ಬೆಳಗಾಗುವವರೆಗೆ ಕಾಯಬೇಡಿ.

ಅತ್ತೆಗೆ ಪೊಟ್ಟಣದ ಬದಲು ಹೈಡ್ರೊಕಾರ್ಟಿಸೋನ್ ಮಾತ್ರೆ ಶುರುವಾಯಿತು, ಬೆಳಗ್ಗೆ ಹೆಚ್ಚು, ಮಧ್ಯಾಹ್ನ ಕಡಿಮೆ. ತಿಂಗಳುಗಟ್ಟಲೆ ಕಾಲು ಮಾತ್ರೆ, ಕಾಲು ಮಾತ್ರೆಯಾಗಿ ಇಳಿಸಿದರು. ಬೆಳಗ್ಗೆ ಎಂಟಕ್ಕೆ, ಆ ದಿನದ ಮಾತ್ರೆ ನುಂಗುವ ಮೊದಲು ತೆಗೆದ ರಕ್ತದಲ್ಲಿ ಕಾರ್ಟಿಸೋಲ್ ಆರಂಭದಲ್ಲಿ ಡೆಸಿಲೀಟರಿಗೆ 2 ಮೈಕ್ರೋಗ್ರಾಂಗಿಂತ ಕಡಿಮೆ ಇತ್ತು. ಆರು ತಿಂಗಳಿಗೆ 5 ಆಯಿತು. ಕಳೆದ ತಿಂಗಳು 11 ಬಂದಾಗ ಇನ್ನು ಮಾತ್ರೆ ಬೇಡ, ಜ್ವರ ಬಂದರೆ ಮಾತ್ರ ತಕ್ಷಣ ಬನ್ನಿ ಎಂದರು ವೈದ್ಯೆ. ಮುಖ ಮೊದಲಿನಂತೆ ಕೋಲಾಗಿದೆ. ಸಕ್ಕರೆ ಇಳಿದಿದೆ, ಪೂರ್ತಿ ಹೋಗಿಲ್ಲ. ಮಂಡಿನೋವು ಇದೆ. ಕುರ್ಚಿಯಲ್ಲಿ ಕುಳಿತು ಕಾಲು ನೀಡಿ ಹತ್ತು ಎಣಿಸಿ ಇಳಿಸುವ ತೊಡೆಯ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಹೇಳಿಕೊಟ್ಟಿದ್ದಾರೆ. ಸಂಜೆ ಹಸು ಕರೆದಾದ ಮೇಲೆ ಜಗಲಿಯಲ್ಲಿ ಕುಳಿತು ಅದನ್ನು ಮಾಡುತ್ತಾರೆ. ಪಕ್ಕದ ಮನೆಯ ಇಬ್ಬರು ಹೆಂಗಸರು ಅವರನ್ನು ನೋಡಿ ತಾವೂ ಕಾಲು ನೀಡಿ ಎಣಿಸುತ್ತಾರೆ. ಅವರಲ್ಲಿ ಒಬ್ಬರ ಮುಖ ದುಂಡಗಿದೆ ಎಂದು ಅತ್ತೆಯೇ ನನಗೆ ಫೋನ್ ಮಾಡಿದ್ದರು. ಬರುವ ಸೋಮವಾರ ಅವರನ್ನು ತಾವೇ ಮಂಡ್ಯಕ್ಕೆ ಕರೆದುಕೊಂಡು ಹೋಗುತ್ತಾರಂತೆ. ಪೊಟ್ಟಣವನ್ನು ಮರೆಯದೆ ತರಲು ಹೇಳಿದ್ದಾರೆ.